ಕರ್ನಾಟಕದ ಫುಟ್‌ಬಾಲಿನಲ್ಲಿ ವಿಂಗರ್

ವಿಂಗರ್: ಫುಟ್‌ಬಾಲ್ ಮೈದಾನದ ಎಡ ಅಥವಾ ಬಲ ಅಂಚಿನ ಗೆರೆಗೆ ಒತ್ತಿಕೊಂಡು ಆಡುವ ದಾಳಿ ಆಟಗಾರ. ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬ ಹಳೆಯ ವ್ಯೂಹದಲ್ಲಿ ಐವರ ಸಾಲಿನ ಎರಡು ತುದಿಗಳು ಇವರದಾಗಿದ್ದವು. ಬಲಗಡೆಯವನ ಬೆನ್ನ ಮೇಲೆ 7, ಎಡಗಡೆಯವನ ಬೆನ್ನ ಮೇಲೆ 11. ವ್ಯೂಹಗಳು ಬದಲಾಗಿ ಫಾರ್ವರ್ಡ್‌ಗಳ ಸಂಖ್ಯೆ ಐದರಿಂದ ನಾಲ್ಕು, ಮೂರು, ಎರಡಕ್ಕೆ ಇಳಿದರೂ ಅಂಚಿನ ಕೆಲಸ ಮಾತ್ರ ಯಾರಾದರೊಬ್ಬರ ಪಾಲಿಗೆ ಬರುತ್ತಲೇ ಇದೆ. ಕರ್ನಾಟಕದ ಮಟ್ಟಿಗೆ ಈ ಸ್ಥಾನದ ಇತಿಹಾಸ ಬಹುಪಾಲು ಬೆಂಗಳೂರು ದಂಡು ಪ್ರದೇಶದಲ್ಲಿ ಹುಟ್ಟಿ ಕೋಲ್ಕತ್ತದಲ್ಲಿ ಬೆಳೆದ ಇತಿಹಾಸ. ರಾಜ್ಯದ ಎರಡನೆಯ ದೊಡ್ಡ ನಗರವಾದ ಹುಬ್ಬಳ್ಳಿ-ಧಾರವಾಡ ಅದರಲ್ಲಿ ಯಾಕೆ ಕಾಣಿಸುವುದಿಲ್ಲ ಎಂಬುದನ್ನೂ ಈ ಲೇಖನ ನೋಡುತ್ತದೆ.

ಕೆಲಸದ ಬಗೆ

ವಿಂಗರನ ಕಾಲಿಗೆ ಚೆಂಡು ಬಂದಾಗ ಅವನ ಎದುರಿಗೆ ಒಬ್ಬ ಬ್ಯಾಕ್, ಪಕ್ಕಕ್ಕೆ ಸುಣ್ಣದ ಗೆರೆ. ಗೆರೆ ದಾಟಿದರೆ ಚೆಂಡು ಎದುರಾಳಿಯದು, ಹಾಗಾಗಿ ಆ ಗೆರೆಯೂ ಬ್ಯಾಕಿನ ಕಡೆಯ ಆಟಗಾರನೇ. ನುರಿತವನು ಮೊದಲು ಹೆಗಲನ್ನು ಒಳಗಡೆಗೆ ವಾಲಿಸುತ್ತಾನೆ. ಅದನ್ನು ನಂಬಿ ಬ್ಯಾಕ್ ಒಳಗಾಲಿನ ಮೇಲೆ ಭಾರ ಹಾಕಿದ ಗಳಿಗೆಯಲ್ಲೇ ಪಾದದ ಹೊರಮೈಯಿಂದ ಚೆಂಡನ್ನು ಗೆರೆಯ ಕಡೆ ಒಂದು ಗಜ ತಳ್ಳುತ್ತಾನೆ. ಮುಂದಿನದು ಎರಡೇ ಹೆಜ್ಜೆ. ಬ್ಯಾಕ್ ಕಾಲು ಬದಲಿಸಿ ತಿರುಗುವಷ್ಟರಲ್ಲಿ ವಿಂಗರ್ ಗೋಲುಗೆರೆಯ ಹತ್ತಿರ ಇರುತ್ತಾನೆ.

ಅಲ್ಲಿಂದ ಚೆಂಡನ್ನು ಗೋಲಿನ ಬಾಯಿಗೆ ಎತ್ತಿ ಹಾಕುವುದು ಒಂದು ದಾರಿ. ನೆಲಕ್ಕಂಟಿಸಿ ಹಿಂದಕ್ಕೆ ಎಳೆದು ಕೊಡುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ. ಚೆಂಡಿನ ಹಿಂದೆಯೇ ಇರುವ ತನ್ನ ಕಡೆಯವನು ಆಫ್‌ಸೈಡ್ ಆಗುವುದಿಲ್ಲ. ತಮ್ಮದೇ ಗೋಲಿನತ್ತ ಮುಖ ಮಾಡಿ ಓಡುತ್ತಿರುವ ಎದುರಾಳಿ ಬ್ಯಾಕುಗಳಿಗೆ ತಮ್ಮ ಬೆನ್ನ ಹಿಂದೆ ಬರುವವರು ಕಾಣುವುದಿಲ್ಲ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಕೊಟ್ಟವನದು ಎಷ್ಟೋ ಸಲ ಬರುವುದಿಲ್ಲ. ಹಳೆಯ ಕಾಲದ ವಿಂಗರುಗಳ ಲೆಕ್ಕ ತೆಗೆಯುವವರು ಪಡುವ ಪಾಡಿಗೆ ಇದೇ ಮೂಲ. ಗೋಲಿನ ಪಟ್ಟಿ ಸಿಗುತ್ತದೆ, ಕ್ರಾಸಿನ ಪಟ್ಟಿ ಸಿಗುವುದಿಲ್ಲ.

ಈಚಿನ ಎರಡು ದಶಕಗಳಲ್ಲಿ ಎಡಗಾಲಿನವನನ್ನು ಬಲಕ್ಕೆ, ಬಲಗಾಲಿನವನನ್ನು ಎಡಕ್ಕೆ ಹಾಕುವ ರೂಢಿ ಬೆಳೆದಿದೆ. ಅಂಥವನು ಗೆರೆಯನ್ನು ಬಿಟ್ಟು ಒಳಕ್ಕೆ ತಿರುಗಿ ತಾನೇ ಗೋಲಿಗೆ ಹೊಡೆಯುತ್ತಾನೆ. ನೋಡಲು ಸೊಗಸು, ಆದರೆ ಅಂಚಿನಲ್ಲೇ ಓಡಿ ಬ್ಯಾಕನ್ನು ಸುಸ್ತು ಮಾಡುತ್ತಿದ್ದ ಹಳೆಯ ಕಸುಬು ಇದರಿಂದ ಅಪರೂಪವಾಗುತ್ತಿದೆ.

ಮೆಲ್ಬರ್ನ್ 1956: ಬಲ್ಗೇರಿಯದ ಎರಡು ಅಂಚುಗಳು

ಭಾರತದ ಫುಟ್‌ಬಾಲು ಒಲಿಂಪಿಕ್ ಪದಕಕ್ಕೆ ಅತಿ ಹತ್ತಿರ ಹೋದದ್ದು 1956ರ ಮೆಲ್ಬರ್ನ್ ಕ್ರೀಡಾಕೂಟದಲ್ಲಿ. ಡಿಸೆಂಬರ್ 1ರಂದು ನೆವಿಲ್ ಡಿ'ಸೋಜ ಮೂರು ಗೋಲು ಹೊಡೆದು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿದಾಗ ತರಬೇತುದಾರ ಸೈಯದ್ ಅಬ್ದುಲ್ ರಹೀಮರ ತಂಡ ಸೆಮಿಫೈನಲ್ ತಲುಪಿತು. ಅಲ್ಲಿ ಯುಗೊಸ್ಲಾವಿಯದೆದುರು 1-4ರ ಸೋಲು. ಡಿಸೆಂಬರ್ 7ರಂದು ಕಂಚಿಗಾಗಿ ಎದುರಾದದ್ದು ಬಲ್ಗೇರಿಯ. ಪಂದ್ಯ 0-3ರಿಂದ ಕೈತಪ್ಪಿತು. ಮೂರರಲ್ಲಿ ಎರಡು ಗೋಲು ಬಲ ಅಂಚಿನ ಟೊಡೊರ್ ಡಿಯೆವ್ ಎಂಬ ಇಪ್ಪತ್ತೆರಡರ ಹುಡುಗನದು. ಅದೇ ಬಲ್ಗೇರಿಯ ತಂಡದ ಎಡಬದಿಯ ಹೆಸರಾಂತ ಆಟಗಾರ ಇವಾನ್ ಕೊಲೆವ್.

ಭಾರತದ ಆ ತಂಡದಲ್ಲಿ ಬೆಂಗಳೂರಿನ ಹಾಫ್‌ಬ್ಯಾಕ್ ಕೆಂಪಯ್ಯ ಇದ್ದರು. 1960ರ ರೋಮ್ ಒಲಿಂಪಿಕ್ಸಿಗೂ ಅವರು ಹೋದರು. ಇಲ್ಲೊಂದು ಕಾಲದ ಸಂಗತಿ ಗಮನಿಸಬೇಕು. ಹುಬ್ಬಳ್ಳಿ, ಧಾರವಾಡಗಳು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಮೆಲ್ಬರ್ನಿನ ಕಂಚಿನ ಪಂದ್ಯ ನಡೆದಾಗ ಧಾರವಾಡದವರಿಗೆ ಕೆಂಪಯ್ಯ 'ನಮ್ಮ ರಾಜ್ಯದವರು' ಆಗಿ ಐದು ವಾರವಷ್ಟೇ ಕಳೆದಿತ್ತು. ಅದಕ್ಕೂ ಮೊದಲು, 1946-47 ಮತ್ತು 1952-53ರಲ್ಲಿ ಮೈಸೂರು ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ, ಆ ಗೆಲುವು ಆಡಳಿತದ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡದವರದಾಗಿರಲಿಲ್ಲ.

ಡಿಯೆವ್ ಮತ್ತು ಕೊಲೆವ್ ಇಬ್ಬರ ಬಾಳನ್ನು ಜೊತೆಗಿಟ್ಟು ನೋಡಿದರೆ ಬಲ್ಗೇರಿಯದ ಫುಟ್‌ಬಾಲ್ ಹೇಗೆ ನಡೆಯುತ್ತಿತ್ತು ಎಂಬುದು ತಿಳಿಯುತ್ತದೆ, ಹುಬ್ಬಳ್ಳಿ-ಧಾರವಾಡದ ಪ್ರಶ್ನೆಗೂ ಅದೊಂದು ಹೋಲಿಕೆಯಾಗುತ್ತದೆ. ಕೊಲೆವ್ ರಾಜಧಾನಿ ಸೋಫಿಯದ ಸೇನಾ ಕ್ಲಬ್ಬಿನವರು. ಇಂದು ಸಿಎಸ್‌ಕೆಎ ಎಂದು ಕರೆಯುವ ಆ ಕ್ಲಬ್ 1954ರಿಂದ 1962ರವರೆಗೆ ಸತತ ಒಂಬತ್ತು ಬಾರಿ ಲೀಗ್ ಗೆದ್ದಿತು. ಡಿಯೆವ್ ಸೋಫಿಯಕ್ಕೆ ಹೋಗಿ ನೆಲೆಸಲಿಲ್ಲ. ದೇಶದ ಎರಡನೆಯ ದೊಡ್ಡ ನಗರ ಪ್ಲೊವ್‌ದಿವ್‌ನಲ್ಲಿ ಹುಟ್ಟಿ, ಅಲ್ಲಿಯ ಸ್ಪಾರ್ಟಕ್ ಕ್ಲಬ್ಬಿನಲ್ಲೇ ಹೆಸರು ಮಾಡಿದರು. ಆ ಕ್ಲಬ್ 1958ರಲ್ಲಿ ಬಲ್ಗೇರಿಯ ಕಪ್, 1962-63ರಲ್ಲಿ ಲೀಗ್ ಗೆದ್ದಿತು. 1962ರ ಚಿಲಿ ವಿಶ್ವಕಪ್ಪಿಗೆ ಇಬ್ಬರೂ ಹೋದರು, ಒಬ್ಬರು ರಾಜಧಾನಿಯಿಂದ, ಇನ್ನೊಬ್ಬರು ಎರಡನೆಯ ನಗರದಿಂದ. ಕಾಗದದ ಮೇಲೆ ಈ ಆಟಗಾರರೆಲ್ಲ ಹವ್ಯಾಸಿಗಳು. ಸಂಬಳ ಸೇನೆಯದೋ, ಕಾರ್ಖಾನೆಯದೋ, ರೈಲ್ವೆಯದೋ. ಅಲ್ಲಿ ಲೊಕೊಮೊಟಿವ್ ಎಂಬ ಹೆಸರಿನ ಕ್ಲಬ್ಬುಗಳು ರೈಲ್ವೆ ನೌಕರರ ನಂಟಿನಿಂದ ಬಂದವು, ಸೋಫಿಯದಲ್ಲಿ ಒಂದು, ಪ್ಲೊವ್‌ದಿವ್‌ನಲ್ಲಿ ಇನ್ನೊಂದು.

ಪ್ಲೊವ್‌ದಿವ್ ಮುಂದೆ ಒಬ್ಬ ಎಡಗಾಲಿನವನನ್ನು ಕೊಟ್ಟಿತು. 1966ರಲ್ಲಿ ಅಲ್ಲಿ ಹುಟ್ಟಿದ ಹ್ರಿಸ್ಟೊ ಸ್ಟೊಯಿಚ್ಕೊವ್ 1990ರಲ್ಲಿ ಬಾರ್ಸಿಲೋನ ಸೇರಿ, 1994ರ ಅಮೆರಿಕ ವಿಶ್ವಕಪ್ಪಿನಲ್ಲಿ ಆರು ಗೋಲು ಹೊಡೆದು ರಷ್ಯದ ಒಲೆಗ್ ಸಲೆಂಕೊ ಜೊತೆ ಅಗ್ರಸ್ಥಾನ ಹಂಚಿಕೊಂಡರು. ಬಲ್ಗೇರಿಯ ನಾಲ್ಕನೆಯ ಸ್ಥಾನ ಪಡೆಯಿತು, ಆ ವರ್ಷದ ಬ್ಯಾಲನ್ ಡಿ'ಓರ್ ಸ್ಟೊಯಿಚ್ಕೊವ್‌ಗೆ ಬಂತು. ಅವರನ್ನು ಬರೀ ವಿಂಗರ್ ಎನ್ನುವುದು ಕಷ್ಟ, ಆದರೆ ಎಡ ಅಂಚಿನಿಂದ ಒಳನುಗ್ಗುವ ಓಟ ಅವರ ಆಟದ ಜೀವಾಳ. ಅವರ ಬಳಿಕದ ಪೀಳಿಗೆಯ ಮಾರ್ಟಿನ್ ಪೆಟ್ರೊವ್ ಅಪ್ಪಟ ಎಡ ವಿಂಗರ್. ಜರ್ಮನಿ, ಸ್ಪೇನ್ ಸುತ್ತಿ 2007ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದರು. ಊರು ಬಿಡದ ಡಿಯೆವ್, ದೇಶ ಬಿಟ್ಟ ಪೆಟ್ರೊವ್: ನಡುವಿನ ಅರ್ಧ ಶತಮಾನದಲ್ಲಿ ಬದಲಾದದ್ದು ಕಾಲ್ಚಳಕಕ್ಕಿಂತ ಸಂಬಳದ ವ್ಯವಸ್ಥೆ.

ದಂಡಿನ ಬೀದಿಗಳು

ಬೆಂಗಳೂರಿನಲ್ಲಿ ಫುಟ್‌ಬಾಲು ಬೇರು ಬಿಟ್ಟದ್ದು ಬ್ರಿಟಿಷ್ ಪಲ್ಟನ್ನುಗಳ ಜೊತೆಗೆ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಶಿವಾಜಿನಗರಗಳ ತಮಿಳು, ಉರ್ದು ಮಾತಾಡುವ ಮನೆಗಳ ಹುಡುಗರು ಸೋಲ್ಜರುಗಳ ಆಟ ನೋಡಿ ಬರಿಗಾಲಿನಲ್ಲಿ ಕಲಿತರು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆಯ ಪ್ರತಿಮೆ ನಿಂತಿದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಪಲ್ಟನ್ ತಂಡಗಳ ಕೈಯಿಂದ ಕಸಿದುಕೊಂಡಿತು. 1948ರಲ್ಲಿ ಮತ್ತೊಮ್ಮೆ ಗೆದ್ದಿತು. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಪಂದ್ಯದಲ್ಲಿ, ಫ್ರಾನ್ಸಿನೆದುರು ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿ ಕಳೆದುಕೊಂಡ ಭಾರತ 1-2ರಿಂದ ಸೋತಿತು.

ಈ ಪೀಳಿಗೆಯ ಮುಖ್ಯ ಹೆಸರು ಅಹ್ಮದ್ ಖಾನ್. ಅವರು ಅಂಚಿನವರಲ್ಲ, ಎಡ ವಿಂಗರನ ಪಕ್ಕಕ್ಕೆ ಒಳಗೆ ಆಡುತ್ತಿದ್ದ ಇನ್‌ಸೈಡ್ ಲೆಫ್ಟ್. ಆದರೂ ವಿಂಗರನ ಲೇಖನದಲ್ಲಿ ಅವರನ್ನು ಬಿಡುವಂತಿಲ್ಲ, ಏಕೆಂದರೆ ಅಂಚಿನವನು ಎಷ್ಟು ಚುರುಕಾದರೂ ಚೆಂಡನ್ನು ಸರಿಯಾದ ಗಳಿಗೆಗೆ ಬಿಟ್ಟುಕೊಡುವ ಒಳಗಿನವನು ಇಲ್ಲದಿದ್ದರೆ ಗೆರೆಯ ಮೇಲೆ ನಿಂತು ಕಾಯುವುದೇ ಆಗುತ್ತದೆ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಖಾನ್ 1949ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಬಲ ಅಂಚಿಗೆ ವೆಂಕಟೇಶ್, ಎಡ ಅಂಚಿಗೆ ಸಾಲೆ, ನಡುವೆ ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್. ದಕ್ಷಿಣದ ಈ ಐವರ ಸಾಲಿಗೆ ಬಂಗಾಳದ ಮಂದಿ ಪಂಚ ಪಾಂಡವರು ಎಂದೇ ಹೆಸರಿಟ್ಟರು. ಖಾನ್ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು ಭಾರತ 1-10ರಿಂದ ಮಣ್ಣುಮುಕ್ಕಿದಾಗ ಆ ಒಂದು ಗೋಲು ಅವರದೇ. ಫಿನ್ಲೆಂಡಿನ ಚಳಿಯಲ್ಲಿ ಭಾರತದವರು ಬಹುಮಂದಿ ಬರಿಗಾಲಿನಲ್ಲೇ ಆಡಿದ್ದರು, ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಒಂದು ದಶಕ ಈಸ್ಟ್ ಬೆಂಗಾಲಿಗಷ್ಟೇ ಆಡಿದ ಖಾನ್ ಕೊನೆಗೆ ಊರಿಗೆ ಮರಳಿ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಅಪ್ಪಟ ವಿಂಗರುಗಳ ಸಾಲಿನಲ್ಲಿ ಬೆಂಗಳೂರಿನ ಅರುಮೈನಾಯಗಂ ದೊಡ್ಡ ಹೆಸರು. ಎಡ ಅಂಚಿನ ಈ ಆಟಗಾರ ಮೋಹನ್ ಬಾಗಾನ್ ಪರ ಆಡಿದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲಿದ್ದರು. ಸೆಪ್ಟೆಂಬರ್ 4ರ ಫೈನಲ್ಲಿನಲ್ಲಿ ಭಾರತ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿತು. ಆ ಎರಡು ಗೋಲುಗಳಲ್ಲಿ ಮೊದಲನೆಯದು ಬಲ ವಿಂಗರ್ ಪಿ.ಕೆ. ಬ್ಯಾನರ್ಜಿಯವರದು, ಎರಡನೆಯದು ಜರ್ನೈಲ್ ಸಿಂಗ್ ಅವರದು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಮತ್ತೆ ಚಿನ್ನ ಗೆದ್ದಿಲ್ಲ.

ಬಾಬು ಮಣಿ, ಕಾರ್ಲ್‌ಟನ್ ಚಾಪ್ಮನ್

1963ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಾಬು ಮಣಿ ರಾಜ್ಯದ ವಿಂಗರ್ ಪರಂಪರೆಯನ್ನು ಟೆಲಿವಿಷನ್ ಕಾಲಕ್ಕೆ ತಂದವರು. ಭಾರತದ ಪರ ಅವರು ಮೊದಲು ಆಡಿದ್ದು 1984ರ ಜನವರಿಯಲ್ಲಿ ಕೋಲ್ಕತ್ತದ ನೆಹರೂ ಕಪ್ಪಿನಲ್ಲಿ, ಅದೂ ಅರ್ಜೆಂಟೀನದೆದುರು. ಕಾರ್ಲೊಸ್ ಬಿಲಾರ್ಡೊ ತರಬೇತಿಯ ಆ ದೇಶ ಎರಡೂವರೆ ವರ್ಷದ ಬಳಿಕ ವಿಶ್ವಕಪ್ ಗೆದ್ದಿತು. ಭಾರತ ಸೋತದ್ದು ಒಂದೇ ಗೋಲಿನಿಂದ. ಇಪ್ಪತ್ತು ತುಂಬಿದ ಹುಡುಗನಿಗೆ ಇದಕ್ಕಿಂತ ಕಠಿಣ ಮೊದಲ ದಿನ ಸಿಗುವುದು ಕಷ್ಟ. ಅದೇ ವರ್ಷ ಯುಗೊಸ್ಲಾವಿಯದ ಮಿಲೊವನ್ ಚಿರಿಚ್ ಅವರ ತರಬೇತಿಯಲ್ಲಿ ಭಾರತ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಮಣಿ ಆ ತಂಡದ ಭಾಗವಾಗಿದ್ದರು. ಸಿಂಗಪುರದ ಮುಖ್ಯ ಸುತ್ತಿನಲ್ಲಿ ಇರಾನಿನೆದುರು ಗೋಲಿಲ್ಲದ ಡ್ರಾ ಬಿಟ್ಟರೆ ಉಳಿದ ಮೂರೂ ಪಂದ್ಯ ಸೋಲೇ. 1985 ಮತ್ತು 1987ರ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡಗಳಲ್ಲೂ ಅವರಿದ್ದರು.

ಮಣಿಯವರ ಕ್ಲಬ್ ಬದುಕು ಪೂರ್ತಿ ಕೋಲ್ಕತ್ತದ್ದು. ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರಕ್ಕೂ ಆಡಿದರು. ಮೂರು ಕ್ಲಬ್ಬುಗಳ ಅಭಿಮಾನಿಗಳು ಒಬ್ಬರ ಮುಖ ಒಬ್ಬರು ನೋಡದ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸಂತೋಷ್ ಟ್ರೋಫಿಯನ್ನೂ ಅವರು ಗೆದ್ದದ್ದು ಬಂಗಾಳದ ಅಂಗಿ ತೊಟ್ಟು. ಕರ್ನಾಟಕದ ಹುಡುಗ ಕರ್ನಾಟಕದ ವಿರುದ್ಧದ ಪಾಳಯದಲ್ಲಿ ನಿಲ್ಲಬೇಕಾದ ಈ ಸ್ಥಿತಿಗೆ ಅವರನ್ನು ದೂರುವಂತಿಲ್ಲ. ಆಟಕ್ಕೆ ಹಣ, ಹಣಕ್ಕೆ ಹೆಸರು ಎರಡೂ ಹೂಗ್ಲಿಯ ದಡದಲ್ಲಿದ್ದವು. 2022ರ ನವೆಂಬರಿನಲ್ಲಿ ಕೋಲ್ಕತ್ತದಲ್ಲೇ ಅವರು ಕಣ್ಣುಮುಚ್ಚಿದರು. ಅಹ್ಮದ್ ಖಾನ್ ಹಿಂತಿರುಗಿದರು, ಬಾಬು ಮಣಿ ಅಲ್ಲೇ ಉಳಿದರು.

ಕಾರ್ಲ್‌ಟನ್ ಚಾಪ್ಮನ್ (1971-2020) ಮಿಡ್‌ಫೀಲ್ಡರ್. ಆದರೆ ಕರ್ನಾಟಕದ ಆಟಗಾರನೊಬ್ಬನ ವೃತ್ತಿಜೀವನದ ನಕ್ಷೆ ಅವರಷ್ಟು ಸ್ಪಷ್ಟವಾಗಿ ಬೇರೆಯವರಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಕ್ಲಬ್ ಫುಟ್‌ಬಾಲಿನಿಂದ 1990ರ ಹೊತ್ತಿಗೆ ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ. 1993ರಲ್ಲಿ ಈಸ್ಟ್ ಬೆಂಗಾಲ್. ಆ ವರ್ಷದ ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಚಾಪ್ಮನ್ ಒಬ್ಬರೇ ಮೂರು ಗೋಲು ಹೊಡೆದರು. 1995ರಲ್ಲಿ ಪಂಜಾಬಿನ ಜೆಸಿಟಿ, ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗೂಡಿ 1996-97ರ ಮೊತ್ತಮೊದಲ ರಾಷ್ಟ್ರೀಯ ಲೀಗ್ ಗೆಲುವು. ಆಮೇಲೆ ಎಫ್.ಸಿ. ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2000-01ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು, ಆ ಋತು ಮುಗಿದ ಬಳಿಕ ಬೂಟು ಬಿಚ್ಚಿದರು. ನಂತರ ಟಾಟಾ ಅಕಾಡೆಮಿಯೂ ಸೇರಿದಂತೆ ಹಲವೆಡೆ ತರಬೇತಿ. ಬಂಗಾಳ, ಪಂಜಾಬ್, ಕೇರಳ ಸುತ್ತಿದ ಈ ಪಟ್ಟಿಯಲ್ಲಿ ಕರ್ನಾಟಕದ ಒಂದೇ ಒಂದು ರಾಷ್ಟ್ರೀಯ ಲೀಗ್ ಕ್ಲಬ್ ಇಲ್ಲ.

ನೌಕರಿ ಮತ್ತು ಕ್ಲಬ್

ಬೆಂಗಳೂರಿನಲ್ಲೇ ಉಳಿದವರಿಗೆ ಆಸರೆಯಾದದ್ದು ಸಾರ್ವಜನಿಕ ಉದ್ಯಮಗಳು. ಐಟಿಐ, ಎಚ್‌ಎಎಲ್‌ ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ ಹಾಜರಿ, ತಿಂಗಳಿಗೊಮ್ಮೆ ಸಂಬಳ, ಕಾಲು ಸೋತ ಮೇಲೂ ಪಿಂಚಣಿ. ಮೈಸೂರು 1967-68 ಮತ್ತು 1968-69ರಲ್ಲಿ ಸತತ ಎರಡು ಸಂತೋಷ್ ಟ್ರೋಫಿ ಗೆದ್ದದ್ದು ಈ ವ್ಯವಸ್ಥೆ ಗಟ್ಟಿಯಾಗಿದ್ದ ಕಾಲದಲ್ಲಿ. ಬಲ್ಗೇರಿಯದ ಸೇನೆ, ರೈಲ್ವೆ ಕ್ಲಬ್ಬುಗಳಿಗೂ ಇದಕ್ಕೂ ಹೆಚ್ಚೇನೂ ಅಂತರವಿಲ್ಲ. ಕಾರ್ಖಾನೆಗಳ ನೇಮಕಾತಿ ಇಳಿದಂತೆ ತಂಡಗಳೂ ಸೊರಗಿದವು. ಎಚ್‌ಎಎಲ್‌ 2010ರಿಂದ ಎರಡು ಋತು ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದ ಐ-ಲೀಗಿನಲ್ಲಿ ಆಡಿತು, ಅದಕ್ಕಿಂತ ಮುಂದೆ ಹೋಗಲಿಲ್ಲ.

2013ರಲ್ಲಿ ಜೆಎಸ್‌ಡಬ್ಲ್ಯು ಉದ್ಯಮ ಸಮೂಹದ ಬೆಂಬಲದಿಂದ ಬೆಂಗಳೂರು ಎಫ್‌ಸಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ ಚಿತ್ರ ಬದಲಾಯಿತು. 2015-16ರಲ್ಲಿ ಮತ್ತೊಂದು ಐ-ಲೀಗ್, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ (ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿನೆದುರು 0-1ರ ಸೋಲು), 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್). ಈ ಅವಧಿಯಲ್ಲಿ ಕಂಠೀರವ ಕ್ರೀಡಾಂಗಣದ ಬಲ ಅಂಚಿನಲ್ಲಿ ಓಡಿ ಜನರನ್ನು ಎದ್ದು ನಿಲ್ಲಿಸಿದವರು ಉದಾಂತ ಸಿಂಗ್. ಅವರು ಮಣಿಪುರದವರು, ಚಾಪ್ಮನ್‌ರಂತೆ ಟಾಟಾ ಅಕಾಡೆಮಿಯ ಹುಡುಗ. 2023ರಲ್ಲಿ ಎಫ್‌ಸಿ ಗೋವಾ ಸೇರಿದರು. ಒಂದು ಕಾಲಕ್ಕೆ ವಿಂಗರುಗಳನ್ನು ಹೊರಗೆ ಕಳಿಸುತ್ತಿದ್ದ ಬೆಂಗಳೂರು ಈಗ ಹೊರಗಿನಿಂದ ತರಿಸಿಕೊಳ್ಳುತ್ತದೆ. ರಾಜ್ಯ ತಂಡದ ಮಟ್ಟದಲ್ಲಿ 54 ವರ್ಷದ ಬರ ನೀಗಿದ್ದು 2023ರ ಮಾರ್ಚ್ 4ರಂದು. ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್ಲಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ಹುಬ್ಬಳ್ಳಿ-ಧಾರವಾಡದ ಸ್ಥಿತಿ

ಎರಡನೆಯ ನಗರವಾದ ಪ್ಲೊವ್‌ದಿವ್ ಡಿಯೆವ್‌ಗೆ ಊರಲ್ಲೇ ಕ್ಲಬ್ ಕೊಟ್ಟಿತು; ಕರ್ನಾಟಕದ ಎರಡನೆಯ ನಗರಕ್ಕೆ ಅದು ಆಗಲಿಲ್ಲ. ಓಡುವ ಹುಡುಗರಿಗೆ ಇಲ್ಲಿ ಕೊರತೆ ಇರಲಿಲ್ಲ. ಗರಡಿಮನೆಗಳ ಕುಸ್ತಿ, ಶಾಲೆಗಳ ಕೊಕ್ಕೊ, ಕಬಡ್ಡಿ, ಗದಗ-ಬೆಟಗೇರಿ ಕಡೆಯ ಹಾಕಿ, ನೆಹರೂ ಮೈದಾನ ತುಂಬ ಟೆನಿಸ್ ಬಾಲ್ ಕ್ರಿಕೆಟ್, ಎಲ್ಲಕ್ಕೂ ಮಂದಿ ಸಿಕ್ಕಿದ್ದಾರೆ. ಕಾರಣಗಳನ್ನು ನಕ್ಷೆಯಲ್ಲಿ, ಆಡಳಿತದಲ್ಲಿ ಹುಡುಕಬೇಕು.

ಮೊದಲನೆಯದು ರೈಲ್ವೆ. ಹುಬ್ಬಳ್ಳಿ ಹತ್ತೊಂಬತ್ತನೆಯ ಶತಮಾನದಿಂದಲೂ ರೈಲ್ವೆ ಊರು. ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪು ಬಂದ ಮೇಲೆ ಸಾವಿರಾರು ನೌಕರ ಕುಟುಂಬಗಳು ನೆಲೆಸಿದವು. ಭಾರತದ ಫುಟ್‌ಬಾಲಿನಲ್ಲಿ ರೈಲ್ವೆಯ ಪಾತ್ರವೇನು ಎಂಬುದಕ್ಕೆ ಪಿ.ಕೆ. ಬ್ಯಾನರ್ಜಿ ಒಬ್ಬರೇ ಸಾಕು. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಿಗೆ ಹೋಗದೆ ಈಸ್ಟರ್ನ್ ರೈಲ್ವೆಯಲ್ಲೇ ಉಳಿದ ಈ ಬಲ ವಿಂಗರ್ 1958ರಲ್ಲಿ ಆ ತಂಡಕ್ಕೆ ಕೋಲ್ಕತ್ತ ಲೀಗ್ ಗೆದ್ದುಕೊಟ್ಟರು. ಸಂತೋಷ್ ಟ್ರೋಫಿಯಲ್ಲೂ ರೈಲ್ವೆಗೆ ತನ್ನದೇ ತಂಡ. 1961-62, 1964-65, 1966-67ರಲ್ಲಿ ಅದು ಕಪ್ಪನ್ನೂ ಗೆದ್ದಿತು. ಆದರೆ ಈಸ್ಟರ್ನ್ ರೈಲ್ವೆಯ ಕೇಂದ್ರ ಕಚೇರಿ ಕೋಲ್ಕತ್ತದಲ್ಲೇ ಇತ್ತು, ನೌಕರಿ ಮತ್ತು ಲೀಗ್ ಒಂದೇ ಊರಿನಲ್ಲಿ. ಹುಬ್ಬಳ್ಳಿಯ ವಲಯ ಕೇಂದ್ರ 1951ರಿಂದ ಮದ್ರಾಸು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಆದಮೇಲೆ ಸಿಕಂದರಾಬಾದು. ಊರಲ್ಲಿ ಗಾಡಿ ರಿಪೇರಿ ನಡೆಯಿತು, ತೀರ್ಮಾನ ಬೇರೆಡೆ.

ಎರಡನೆಯದು ಗೋವಾ. ಫುಟ್‌ಬಾಲ್ ಹುಚ್ಚಿನ ಆ ನಾಡು ಹುಬ್ಬಳ್ಳಿಯಿಂದ ರೈಲಿನಲ್ಲಿ ಇನ್ನೂರು ಕಿಲೋಮೀಟರಿನ ಒಳಗಿದೆ. ಬೆಂಗಳೂರು ಅದರ ಎರಡು ಪಟ್ಟಿಗಿಂತ ದೂರ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಪಕ್ಕದಲ್ಲಿ ಇಳಿಯುವ ಈ ದಾರಿ 1961ರವರೆಗೆ ಪೋರ್ಚುಗೀಸರ ಗಡಿಯಿಂದ ಕತ್ತರಿಸಿತ್ತು. ಗಡಿ ಬಿದ್ದ ಮೇಲೆ ಸಾಲ್ಗಾವ್ಕರ್, ಡೆಂಪೊ, ಚರ್ಚಿಲ್ ಬ್ರದರ್ಸ್ ಕ್ಲಬ್ಬುಗಳು ರಾಷ್ಟ್ರೀಯ ಮಟ್ಟಕ್ಕೆ ಏರಿದವು. 1998-99ರಲ್ಲಿ ಸಾಲ್ಗಾವ್ಕರ್ ರಾಷ್ಟ್ರೀಯ ಲೀಗ್ ಗೆದ್ದರೆ, ಡೆಂಪೊ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ನಮ್ಮ ಕಡೆಯಿಂದ ಗೋವಾಕ್ಕೆ ತರಕಾರಿ ಹೋಯಿತು, ಕೂಲಿಯಾಳು ಹೋದರು. ಆಟಗಾರರು ಸಾಲುಗಟ್ಟಿ ಹೋಗುವಂಥ ಏರ್ಪಾಡು ಮಾತ್ರ ಬೆಳೆಯಲಿಲ್ಲ. ಆಡಳಿತದ ಮುಖ ಬೆಂಗಳೂರಿನ ಕಡೆಗಿತ್ತು.

ಮೂರನೆಯದು ನೆಲ. ಹುಬ್ಬಳ್ಳಿಯ ಪೂರ್ವಕ್ಕೆಲ್ಲ ಎರಿ ಭೂಮಿ. ಬೇಸಿಗೆಯಲ್ಲಿ ಪಾದ ಸಿಕ್ಕುವಷ್ಟು ಬಿರುಕು, ಮಳೆ ಬಿದ್ದರೆ ನಾಲ್ಕು ಹೆಜ್ಜೆಗೆ ಬೂಟಿನ ಅಡಿ ಮಣ್ಣು ಮೆತ್ತಿ ಕಾಲು ಎತ್ತುವುದೇ ಕಷ್ಟ. ನಡುವೆ ಆಡುವವನು ಹೇಗೋ ಸಂಭಾಳಿಸುತ್ತಾನೆ. ಒಂದೇ ಗಳಿಗೆಯ ವೇಗವನ್ನು ನಂಬಿದ ವಿಂಗರನಿಗೆ ಇಂಥ ನೆಲ ಶತ್ರು. ಮೈದಾನದ ಅಂಚನ್ನು ಸಮ ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ, ಬಹಳಷ್ಟು ಕಡೆ ಅಲ್ಲೇ ಸೈಕಲ್ಲು, ಬೈಕು ನಿಲ್ಲಿಸುತ್ತಾರೆ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಕೆಂಪು ನೆಲ ಇದಕ್ಕಿಂತ ವಾಸಿ. ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂದ ಮೇಲೆ ಕಾಲೇಜುಗಳ ನಡುವಿನ ಪಂದ್ಯಗಳು ಆಟವನ್ನು ಉಳಿಸಿದವು. ಆದರೆ ಅಲ್ಲಿ ಆಡುವ ಹುಡುಗನ ಫುಟ್‌ಬಾಲಿಗೆ ಆಯುಸ್ಸು ಪದವಿ ಮುಗಿಯುವ ತನಕ. ಇಪ್ಪತ್ತೊಂದರ ಮೇಲೆ ಆಡಿಸುವ ಲೀಗೂ ಇಲ್ಲ, ಸಾಕುವ ನೌಕರಿಯೂ ಇಲ್ಲ.

ನೈಋತ್ಯ ರೈಲ್ವೆ ವಲಯ 2003ರ ಏಪ್ರಿಲಿನಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡು ಶುರುವಾಯಿತು. 2023ರಲ್ಲಿ ಇಲ್ಲಿಯ ನಿಲ್ದಾಣಕ್ಕೆ 1507 ಮೀಟರಿನ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಬಂತು. ಫುಟ್‌ಬಾಲ್ ಮೈದಾನದ ಉದ್ದಗೆರೆಯನ್ನು ಅದರ ಮೇಲೆ ಹದಿನಾಲ್ಕು ಸಲ ಎಳೆಯಬಹುದು. ಆದರೆ ರೈಲ್ವೆ ನೌಕರಿ ವಿಂಗರನೊಬ್ಬನನ್ನು ರಾಷ್ಟ್ರ ತಂಡದವರೆಗೆ ಒಯ್ಯುತ್ತಿದ್ದ ಕಾಲ ಆಗಲೇ ದಾಟಿತ್ತು. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾದ ಮೇಲೆ ದೇಶದ ಫುಟ್‌ಬಾಲು ಕಚೇರಿಗಳಿಂದ ಕ್ಲಬ್ಬುಗಳಿಗೆ, ಕ್ಲಬ್ಬುಗಳಿಂದ ಅಕಾಡೆಮಿಗಳಿಗೆ ಸರಿಯಿತು. ಪಿ.ಕೆ. ಬ್ಯಾನರ್ಜಿಯವರ ಕಾಲದಲ್ಲಿ ಬೇಕಾಗಿದ್ದ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಸಿಕ್ಕಿದ್ದು ಉದಾಂತ ಸಿಂಗರ ಕಾಲದ ಹೊಸ್ತಿಲಲ್ಲಿ.